ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು

ಮೊನ್ನೆ ನನ್ನ ಏಳು ವರ್ಷದ ಮೊಮ್ಮಗಳಿಗೆ ಕೆಮ್ಮು ಹತ್ತಿತು. ವೈದ್ಯರು ಬರೆದುಕೊಟ್ಟ ಔಷಧವನ್ನು ಒಂದು ಚಮಚ ಕುಡಿಸಿದೆ. "ಸಿಹಿಯಾಗಿದೆ, ಇನ್ನೊಂದು ಚಮಚ ಕೊಡು ತಾತ" ಎಂದು ಅವಳು ಬಾಯಿ ತೆರೆದು ನಿಂತಳು. ನಾನು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಮೂಸಿದೆ, ಒಂದು ತೊಟ್ಟನ್ನು ನಾಲಿಗೆಗೆ ಸೋಕಿಸಿಕೊಂಡೆ. ಕಣ್ಣು, ಮೂಗು, ನಾಲಿಗೆ ಮೂರೂ ನನಗೆ ಏನನ್ನೂ ಹೇಳಲಿಲ್ಲ. ಹೇಳುವ ಶಕ್ತಿ ಅವಕ್ಕಿಲ್ಲವೆಂಬುದನ್ನು ನಾನು ಬಲ್ಲೆ. ಆದರೂ ಕೈ ತಡೆಯಲಿಲ್ಲ.

2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಬಹುಪಾಲು ಐದು ವರ್ಷದೊಳಗಿನವರು, ಇಂಥದೇ ಸಿಹಿ ಔಷಧ ಕುಡಿದು ಸತ್ತರು. ತಮಿಳುನಾಡಿನಲ್ಲಿ ತಯಾರಾದ 'ಕೋಲ್ಡ್ರಿಫ್' ಎಂಬ ಆ ಔಷಧವನ್ನು ಪರೀಕ್ಷಿಸಿದಾಗ, ನೂರು ಮಿಲಿಲೀಟರಿನಲ್ಲಿ 48.6 ಗ್ರಾಂ ಡೈಎಥಿಲೀನ್ ಗ್ಲೈಕಾಲ್ ಕಂಡುಬಂತು. ನಿಯಮ ಸಹಿಸುವುದು ಶೇಕಡಾ 0.1ನ್ನು ಮಾತ್ರ. ಸುಮಾರು ಐನೂರು ಪಾಲು ಹೆಚ್ಚಾದುದನ್ನು ಕಲಬೆರಕೆ ಎನ್ನುವುದು ಹೇಗೆ? ಸೀಸೆಯ ಅರ್ಧಭಾಗವೇ ವಿಷವಾಗಿತ್ತು.

ಈ ವಸ್ತುವಿನ ಸ್ವಭಾವವನ್ನು ವಾಚಕರು ಅರಿತಿರುವುದು ಮೇಲು. ಎಥಿಲೀನ್ ಗ್ಲೈಕಾಲಿನ ಎರಡು ಅಣುಗಳು, ನಡುವೆ ಒಂದು ನೀರಿನ ಅಣು ಕಳಚಿ, ಬೆಸೆದುಕೊಂಡರೆ ಇದಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ, ಮಂದವಾಗಿ ಹರಿಯುತ್ತದೆ, ರುಚಿ ಸಿಹಿ. ಪಾಲಿಯೆಸ್ಟರ್ ರಾಳಕ್ಕೆ, ಮುದ್ರಣದ ಮಸಿಗೆ, ವಾಹನಗಳ ಬ್ರೇಕಿನ ದ್ರವಕ್ಕೆ ಇದು ಬೇಕಾದ ಪದಾರ್ಥ. ಅಲ್ಲಿ ಅದರ ತಪ್ಪೇನೂ ಇಲ್ಲ. ಆದರೆ ಮಕ್ಕಳ ಸಿರಪ್ಪಿನಲ್ಲಿ ಔಷಧವನ್ನು ಕರಗಿಸಲು ಬಳಸುವ ಗ್ಲಿಸರೀನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳೂ ನೋಟಕ್ಕೆ, ರುಚಿಗೆ ಹೀಗೆಯೇ ಇವೆ. ಶುದ್ಧವಾದದ್ದಕ್ಕೆ ಬೆಲೆ ಹೆಚ್ಚು, ಕಾರ್ಖಾನೆಯ ದರ್ಜೆಯದಕ್ಕೆ ಕಡಿಮೆ. ಅನರ್ಥವೆಲ್ಲ ಈ ಅಂತರದಲ್ಲಿ ಹುಟ್ಟುತ್ತದೆ.

ಹೊಟ್ಟೆ ಸೇರಿದ ಮೇಲೆ ಯಕೃತ್ತು ಇದನ್ನು ಆಮ್ಲಗಳಾಗಿ ಮಾರ್ಪಡಿಸುತ್ತದೆ. ಅವುಗಳಲ್ಲೊಂದಾದ ಡೈಗ್ಲೈಕಾಲಿಕ್ ಆಮ್ಲವು ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳಲ್ಲಿ ಸೇರಿಕೊಂಡು ಅವನ್ನು ಕೊಲ್ಲುತ್ತದೆ. ಮೊದಲು ವಾಂತಿ, ಹೊಟ್ಟೆನೋವು. ನೆಗಡಿ ಜ್ವರದ ಮಗುವಿನಲ್ಲಿ ಇದನ್ನು ಯಾರು ಅನುಮಾನಿಸಿಯಾರು? ಆಮೇಲೆ ಮೂತ್ರ ನಿಲ್ಲುತ್ತದೆ. ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಬೇಗ ಗುರುತಿಸಿದರೆ ಪ್ರತ್ಯೌಷಧವೂ ಡಯಾಲಿಸಿಸ್ಸೂ ಉಳಿಸಬಲ್ಲವು. ಆದರೆ ಗುರುತಿಸುವ ಹೊತ್ತಿಗೆ ತಾಯಿ ತನ್ನ ಕೈಯಿಂದಲೇ ಹಲವು ಚಮಚ ಕುಡಿಸಿರುತ್ತಾಳೆ.

ಇದು ಹೊಸ ಜ್ಞಾನವಲ್ಲ. 1937ರಲ್ಲಿ ಅಮೆರಿಕದ ಒಂದು ಕಂಪನಿ ಸಲ್ಫನಿಲಮೈಡನ್ನು ಈ ದ್ರವದಲ್ಲೇ ಕರಗಿಸಿ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. ಮಾರುವ ಮುನ್ನ ಆ ಕಂಪನಿ ಔಷಧದ ಬಣ್ಣ, ಪರಿಮಳ, ರುಚಿಗಳನ್ನು ಮಾತ್ರ ಪರೀಕ್ಷಿಸಿತ್ತು. ನಾನು ಮೊನ್ನೆ ಸೀಸೆ ಹಿಡಿದು ಮಾಡಿದ್ದೂ ಅದನ್ನೇ. ಮರುವರ್ಷವೇ ಆ ದೇಶ, ಸುರಕ್ಷಿತವೆಂದು ತೋರಿಸಿದ ಹೊರತು ಹೊಸ ಔಷಧ ಮಾರಬಾರದೆಂದು ಕಾನೂನು ಮಾಡಿತು. ನಮ್ಮಲ್ಲಿ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ಇದೇ ವಿಷ ಬೆರೆತ ಗ್ಲಿಸರೀನಿನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 2022ರಲ್ಲಿ ಗ್ಯಾಂಬಿಯ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ಸಿರಪ್ಪುಗಳಲ್ಲಿ ಈ ವಿಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು.

ಆ ಎಚ್ಚರಿಕೆಯ ಫಲವಾಗಿ 2023ರ ಜೂನ್ 1ರಿಂದ, ವಿದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪಿಗೆ ಸರ್ಕಾರ ಒಪ್ಪಿದ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯವಾಯಿತು. ದೇಶದೊಳಗೆ ಮಾರುವುದಕ್ಕೆ ಆಗ ಅಂಥ ಕಟ್ಟಳೆ ಬರಲಿಲ್ಲ. ತಯಾರಕನ ಪ್ರಾಮಾಣಿಕತೆಯನ್ನೇ ನಂಬಿಕೊಂಡದ್ದಾಯಿತು. ಹೊರಗಿನ ಮಗುವಿಗೆ ಒಂದು ಕಾವಲು ಹೆಚ್ಚು, ಮನೆಯ ಮಗುವಿಗೆ ಒಂದು ಕಾವಲು ಕಡಿಮೆ! ಅತಿಥಿಯನ್ನು ಆದರಿಸುವುದು ನಮ್ಮ ಧರ್ಮವೇ ಸರಿ. ಆದರೆ ಮನೆಯ ಮಕ್ಕಳನ್ನು ಮರೆತು ಆದರಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲ.

ಛಿಂದ್ವಾಡದ ಪ್ರಕರಣದಲ್ಲಿ ಮೊದಲು ಬಂಧಿತರಾದವರು ಔಷಧ ಬರೆದುಕೊಟ್ಟ ವೈದ್ಯರು. ತಯಾರಕರ ಸರದಿ ಅನಂತರ ಬಂತು. ಅಂಥ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿಯೇ ಆದೇಶವಾಗಿತ್ತು. ಆದುದರಿಂದ ವೈದ್ಯರು ಉತ್ತರ ಹೇಳಬೇಕಾದದ್ದುಂಟು. ಆದರೆ ಸೀಸೆಯೊಳಗೆ ಏನಿದೆ ಎಂಬುದನ್ನು ವೈದ್ಯನೂ ಚೀಟಿಯಿಂದಲೇ ಓದಬೇಕು. ಅವನ ಕಣ್ಣು ನನ್ನ ಕಣ್ಣಿಗಿಂತ ಹರಿತವಲ್ಲ. ಪೀಪಾಯಿ ಕಾರ್ಖಾನೆಯ ಬಾಗಿಲಿಗೆ ಬಂದಾಗ ಅದರ ಮುಚ್ಚಳ ತೆಗೆದು ಪರೀಕ್ಷಿಸುವವನೊಬ್ಬನಿಗೆ ಮಾತ್ರ ಸತ್ಯ ಕಾಣಬಲ್ಲದು. ಪರೀಕ್ಷೆಯ ವಿಧಾನ ಹಳೆಯದು, ಬಲ್ಲವರು ನಮ್ಮಲ್ಲಿದ್ದಾರೆ. ಅದನ್ನು ಮಾಡದೆ ಬಿಟ್ಟವನನ್ನು ಮಗು ಸಾಯುವ ಮುನ್ನ ಹಿಡಿಯುವ ಆಡಳಿತ ನಮಗೆ ಬೇಕು. ಸತ್ತ ಮೇಲೆ ಹಿಡಿಯುವುದನ್ನು ನಾವು ಸಾಕಷ್ಟು ಕಲಿತಿದ್ದೇವೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಪ್ರತ್ಯಕ್ಷವೇ ಮೋಸಮಾಡುವ ವಸ್ತುವಿನ ವಿಷಯದಲ್ಲಿ ಪ್ರಮಾಣಿಸುವ ಹೊಣೆ ತಾಯಿತಂದೆಯರದಲ್ಲ, ರಾಜ್ಯದ್ದು.

ಮೊಮ್ಮಗಳಿಗೆ ನಾನು ಎರಡನೆಯ ಚಮಚ ಕೊಡಲಿಲ್ಲ. "ಯಾಕೆ?" ಎಂದಳು. "ಡಾಕ್ಟರು ಒಂದೇ ಎಂದಿದ್ದಾರೆ" ಎಂದೆ. ಮೊದಲನೆಯ ಚಮಚವನ್ನು ಯಾರನ್ನು ನಂಬಿ ಕೊಟ್ಟೆ ಎಂದು ಅವಳು ಕೇಳಲಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು.