ಮನೋರೋಗದ ಔಷಧ, ನೆನಪು ಮತ್ತು ವಿಚಾರಶಕ್ತಿ: ನಾಲ್ಕು ತಾಲ್ಲೂಕುಗಳ ಹಕ್ಕೊತ್ತಾಯ ಪತ್ರ

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಇವರಿಗೆ
(ಮಾನ್ಯ ಉಪವಿಭಾಗಾಧಿಕಾರಿಗಳು, ಬೈಲಹೊಂಗಲ, ಇವರ ಮುಖಾಂತರ)

ಮಾನ್ಯರೇ,

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಮತ್ತಿತರ ತೀವ್ರ ಮನೋರೋಗಗಳಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು ಮತ್ತು ಅವರ ಮನೆಯವರು ನಾವು. ಮಾತ್ರೆ ನಮಗೆ ಬೇಕು. ಕಿವಿಯಲ್ಲಿ ಮೊಳಗುತ್ತಿದ್ದ ದನಿಗಳನ್ನು, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯವನ್ನು ತಗ್ಗಿಸಿದ್ದು ಅದೇ. ಆದರೆ ದನಿ ನಿಂತ ಮೇಲೆ ಬುದ್ಧಿ ಎಷ್ಟು ಓಡುತ್ತಿದೆ, ನೆನಪು ಎಷ್ಟು ಉಳಿದಿದೆ ಎಂದು ಕೇಳುವವರಿಲ್ಲ. "ಗದ್ದಲ ಮಾಡ್ತಾನೇನು?" "ಇಲ್ರೀ." "ನಿದ್ದಿ ಮಾಡ್ತಾನೇನು?" "ಮಾಡ್ತಾನ್ರೀ." ಅಲ್ಲಿಗೆ ತಪಾಸಣೆ ಮುಗಿಯಿತು, ಚೀಟಿಯ ಮೇಲೆ ಮತ್ತೆ ಅದೇ ಮಾತ್ರೆ. ಮಗ್ಗಕ್ಕೆ ಕೂತವನಿಗೆ ನಡುವೆಯೇ ಎಳೆಯ ಲೆಕ್ಕ ತಪ್ಪುತ್ತದೆ. ಮೂರು ಸಾಮಾನು ಹೇಳಿ ಸಂತೆಗೆ ಕಳಿಸಿದರೆ ತರುವುದು ಒಂದನ್ನೇ. ಊರು ಅದಕ್ಕೆ ಸೋಮಾರಿತನವೆಂದು ಹೆಸರಿಟ್ಟಿದೆ.

ಗಮನ, ನೆನಪು, ವಿಚಾರದ ವೇಗ ಕುಂದುವುದು ರೋಗದ್ದೇ ಒಂದು ಭಾಗ. ಎಷ್ಟೋ ಜನರಲ್ಲಿ ಅದು ಮೊದಲ ಉಲ್ಬಣಕ್ಕೂ ಮುಂಚೆಯೇ ಇರುತ್ತದೆ, ಮಾತ್ರೆ ಅದನ್ನು ಹೆಚ್ಚೇನೂ ಸರಿಪಡಿಸುವುದಿಲ್ಲ. ಅದರ ಮೇಲೆ ಮಿತಿಮೀರಿದ ಪ್ರಮಾಣ, ಒಟ್ಟೊಟ್ಟಿಗೆ ಕೊಡುವ ಎರಡು ಮೂರು ಔಷಧಗಳು, ಕೈನಡುಕಕ್ಕೆಂದು ಸೇರಿಸುವ ಟ್ರೈಹೆಕ್ಸಿಫೆನಿಡಿಲ್ ಇನ್ನಷ್ಟು ಮಂಕು ಕವಿಸುತ್ತವೆ. ಈ ನಡುಕದ ಮಾತ್ರೆಯನ್ನು ಮುಂಜಾಗ್ರತೆಯ ಹೆಸರಿನಲ್ಲಿ ಎಲ್ಲರಿಗೂ ವಾಡಿಕೆಯಂತೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿತ್ತು. ರೋಗದ್ದೆಷ್ಟು, ಔಷಧದ್ದೆಷ್ಟು ಎಂದು ಬಿಡಿಸಿ ನೋಡುವುದು ಇಲಾಖೆಯ ಹೊಣೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1985ರಲ್ಲಿ ಬಳ್ಳಾರಿಯಲ್ಲಿ ಮಾದರಿ ಕಟ್ಟಿ ದೇಶಕ್ಕೇ ಕೊಟ್ಟ ರಾಜ್ಯ ಇದು. ಆಗುವುದಿಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ನಮ್ಮ ಹಕ್ಕೊತ್ತಾಯಗಳು:

1. ಔಷಧ ಆರಂಭಿಸುವಾಗ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಪ್ರತಿ ರೋಗಿಯ ಗಮನ, ನೆನಪು ಮತ್ತು ದಿನನಿತ್ಯದ ಕೆಲಸದ ಶಕ್ತಿಯನ್ನು ಶಾಲೆ ಕಲಿಯದವರಿಗೂ ಹೊಂದುವಂತೆ ಕನ್ನಡದಲ್ಲಿ ಪರೀಕ್ಷಿಸಿ ದಾಖಲಿಸಬೇಕು.

2. ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುತ್ತಿರುವ ಪ್ರತಿಯೊಬ್ಬರ ಚೀಟಿಯನ್ನೂ ಮನೋವೈದ್ಯರು ಮರುಪರಿಶೀಲಿಸಿ, ಅಗತ್ಯವಿಲ್ಲದವರಿಗೆ ಅದನ್ನು ಹಂತಹಂತವಾಗಿ ಇಳಿಸಬೇಕು.

3. ಒಬ್ಬರಿಗೇ ಎರಡು ಮನೋರೋಗ ನಿರೋಧಕ ಔಷಧ ಬರೆದರೆ ಕಾರಣವನ್ನೂ ಬರೆಯಬೇಕು.

4. "ತಲೆ ಮಂಕಾಗಿದೆ" ಎಂದು ದೂರುವವರನ್ನು ಮಾತ್ರೆ ತಪ್ಪಿಸುವವರೆಂದು ಗದರಿಸಿ ಕಳಿಸದೆ, ಪ್ರಮಾಣ ತಗ್ಗಿಸುವ ಇಲ್ಲವೇ ಔಷಧ ಬದಲಿಸುವ ಸಾಧ್ಯತೆಯನ್ನು ಅವರೊಂದಿಗೇ ಕೂತು ಚರ್ಚಿಸಬೇಕು.

5. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 22ನೇ ಕಲಂ ಪ್ರಕಾರ ಪ್ರತಿ ಔಷಧದ ಅಡ್ಡಪರಿಣಾಮಗಳನ್ನು ತಿಳಿಗನ್ನಡದಲ್ಲಿ ಬರೆದೂ ಕೊಡಬೇಕು, ಓದಲು ಬಾರದವರಿಗೆ ಓದಿಯೂ ಹೇಳಬೇಕು.

6. ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ನಮ್ಮ ಚಿಕಿತ್ಸಾ ದಾಖಲೆ ಕೇಳಿದಾಗ ನಮ್ಮ ಕೈಗೆ ಬರಬೇಕು.

7. ಅದೇ ಕಾಯ್ದೆಯ 18ನೇ ಕಲಂ ಉಚಿತವೆಂದು ಹೇಳಿರುವ ಅಗತ್ಯ ಔಷಧಗಳು ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ದಿನವೂ ತಪ್ಪದೆ ಸಿಗಬೇಕು ಮತ್ತು ದಾಸ್ತಾನು ಮುಗಿದಿದೆಯೆಂಬ ಕಾರಣಕ್ಕೆ ಯಾರ ಮಾತ್ರೆಯೂ ಬದಲಾಗಕೂಡದು.

8. ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ ಪ್ರತಿ ತಾಲ್ಲೂಕಿನಲ್ಲೂ ಮನೋವೈದ್ಯರ ಹಾಜರಿಯಲ್ಲೇ ನಡೆಯಬೇಕು, ಏಕೆಂದರೆ ರಾಮದುರ್ಗದ ಕೂಲಿಕಾರನಿಗೆ ಧಾರವಾಡಕ್ಕೋ ಬೆಳಗಾವಿಗೋ ಹೋಗಿಬರುವುದೆಂದರೆ ಆ ದಿನದ ಕೂಲಿ ಹೋದಂತೆಯೇ.

9. ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರ ತೂಕ ಮತ್ತು ಸಕ್ಕರೆ ಅಂಶವನ್ನು ನಿಯಮಿತವಾಗಿ ಉಚಿತವಾಗಿ ಪರೀಕ್ಷಿಸಬೇಕು.

10. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನೆರವಿನಿಂದ ನೆನಪು ಮತ್ತು ಗಮನಕ್ಕೆ ತರಬೇತಿ ಕೊಡುವ, ಕೆಲಸಕ್ಕೆ ಮರಳಲು ಒತ್ತಾಸೆಯಾಗುವ ಪುನರ್ವಸತಿ ಕೇಂದ್ರವೊಂದನ್ನು ಬೈಲಹೊಂಗಲ ಉಪವಿಭಾಗದಲ್ಲಿ ತೆರೆಯಬೇಕು.

11. ಈ ಪತ್ರಕ್ಕೆ 30 ದಿನಗಳೊಳಗೆ, ಪ್ರತಿ ಬೇಡಿಕೆಗೂ ಹೊಣೆ ಹೊರುವ ಅಧಿಕಾರಿಯ ಹುದ್ದೆ ಮತ್ತು ಗಡುವು ಸಹಿತ, ಲಿಖಿತ ಉತ್ತರ ಬರಬೇಕು.

ಇದನ್ನು ಓದುವ ರೋಗಿಗಳಲ್ಲಿ, ಮನೆಯವರಲ್ಲಿ ಒಂದು ವಿನಂತಿ: ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ರೋಗ ಮರುಕಳಿಸುತ್ತದೆ, ಮಂಕು ಕವಿದಿದ್ದರೆ ಅದನ್ನು ಬರೆದುಕೊಂಡು ಹೋಗಿ ವೈದ್ಯರ ಮುಂದಿಡಿ, ತುರ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.