ಸುಡಾನಿನಿಂದ ಬಂದವರ ಕಾಗದ ಮಾಸುತ್ತಿದೆ

ವಿಮಾನ ನಿಲ್ದಾಣದಲ್ಲಿ ಕೊಡುವ ಬೋರ್ಡಿಂಗ್ ಪಾಸು ಸಾಮಾನ್ಯವಾಗಿ ಶಾಯಿಯಲ್ಲಿ ಅಚ್ಚಾಗುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಕೆಲವು ವರ್ಷ ಕಳೆದರೆ ಅದರ ಮೇಲಿನ ಹೆಸರು, ತಾರೀಖು, ಊರು ಒಂದೊಂದಾಗಿ ಬಿಳಿಚಿಕೊಳ್ಳುತ್ತವೆ. ಉಳಿಯಲಿ ಎಂದು ಲ್ಯಾಮಿನೇಷನ್ ಮಾಡಿಸಿದರೋ, ಯಂತ್ರದ ಬಿಸಿಗೆ ಇಡೀ ಚೀಟಿಯೇ ಕಪ್ಪಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಗೋಪನಾಳ್, ಅಸ್ತಾಪನಹಳ್ಳಿಯಂಥ ಹಕ್ಕಿಪಿಕ್ಕಿ ಬುಡಕಟ್ಟಿನ ಊರುಗಳಲ್ಲಿ ಹೊರದೇಶಕ್ಕೆ ಹೋಗಿಬಂದವರ ಮನೆಗಳಿಗೆಲ್ಲ ಈ ಮಾತನ್ನು ಇಂದೇ ಮುಟ್ಟಿಸಬೇಕಾಗಿದೆ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕದನ ಹತ್ತಿಕೊಂಡಿತು. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ನಮ್ಮ ಜನ ಡಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ ಸಿಕ್ಕಿಬಿದ್ದರು. ಕರ್ನಾಟಕದ 31 ಹಕ್ಕಿಪಿಕ್ಕಿಗಳು ಅನ್ನ ನೀರಿಲ್ಲದೆ ಕೂತಿದ್ದಾರೆ ಎಂದು ಮೊದಲ ಸುದ್ದಿ ಬಂತು. ಹುಣಸೂರಿನವರು, ಶಿವಮೊಗ್ಗದವರ ಜೊತೆ ಚನ್ನಗಿರಿಯವರೂ ಅದರಲ್ಲಿದ್ದರು. ರಾಜ್ಯದಲ್ಲಿ ಆಗ ವಿಧಾನಸಭಾ ಚುನಾವಣೆ ಹತ್ತಿರವಿದ್ದುದರಿಂದ ವಿಷಯ ದಿಲ್ಲಿಯವರೆಗೆ ಸದ್ದು ಮಾಡಿತು. ಭಾರತೀಯರನ್ನು ಕರೆತರುವ ಆಪರೇಷನ್ ಕಾವೇರಿ ಆರಂಭವಾಗಿ, ಹೆಚ್ಚಾಗಿ ಪೋರ್ಟ್ ಸುಡಾನ್ ಬಂದರಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ 3,862 ಜನ ಬಂದಿಳಿದರು. ಮೇ ಮೊದಲ ವಾರದಲ್ಲಿ ಕಾರ್ಯಾಚರಣೆ ಮುಗಿಯಿತು. ಆಮೇಲೆ ಅವರನ್ನು ಕೇಳಿದವರು ಕಡಿಮೆ.

ಗುಂಡಿನ ಸದ್ದಿಗೆ ಹೆದರಿ, ಸರಕು ಬಿಟ್ಟು, ಉಟ್ಟ ಬಟ್ಟೆಯಲ್ಲಿ ದೇಶ ದಾಟಿದವರು ನಿರಾಶ್ರಿತರಲ್ಲದೆ ಮತ್ತೇನು? ಆದರೆ ಕಾನೂನಿನ ಕಣ್ಣಿಗೆ ಅವರು ನಿರಾಶ್ರಿತರಲ್ಲ, ಸ್ವದೇಶಕ್ಕೆ ಮರಳಿದ ನಾಗರಿಕರು. ಆದ್ದರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾರ್ಡು ಅವರ ಕೈಯಲ್ಲಿಲ್ಲ. ಅವರ ಓಟದ ಗುರುತು ಉಳಿದಿದ್ದರೆ ಅದು ವಿದೇಶಾಂಗ ಸಚಿವಾಲಯದ ಕಡತದಲ್ಲಿ, ನೌಕಾಪಡೆಯ ಹಡಗು ಹತ್ತಿದವರ ಪಟ್ಟಿಯಲ್ಲಿ, ಸೌದಿಯ ವಲಸೆ ಕಚೇರಿಯಲ್ಲಿ. ಅವರು ಬಾಡಿಗೆಗಿದ್ದ ಎಲ್ ಫಾಶರ್ 2025ರ ಅಕ್ಟೋಬರ್‌ನಲ್ಲಿ, ವರ್ಷ ಮೀರಿದ ಮುತ್ತಿಗೆಯ ನಂತರ, ಆರ್‌ಎಸ್‌ಎಫ್ ವಶವಾಯಿತು. ಊರಿಗೆ ಊರೇ ಖಾಲಿಯಾದ ಆ ಜಾಗದಲ್ಲಿ ಬಾಡಿಗೆ ಚೀಟಿ, ಅಂಗಡಿಯ ಲೆಕ್ಕಪುಸ್ತಕ, ಪರಿಚಯದ ನೆರೆಯವರು, ಯಾವುದನ್ನೂ ಇನ್ನು ನೆಚ್ಚುವಂತಿಲ್ಲ. ನಮ್ಮ ಸರ್ಕಾರದ ಕಡತವಾದರೂ ಕೇಳದೆ ತಾನಾಗಿ ಬೇಗ ಕೈಗೆ ಸಿಗುವಂಥದ್ದಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ನಿಯಮದಂತೆ ಶಾಶ್ವತ ಕಡತಗಳು ರಾಷ್ಟ್ರೀಯ ಪತ್ರಾಗಾರ ಸೇರುವುದು 25 ವರ್ಷದ ಮೇಲೆ. ಅಂದರೆ 2048ರ ಸುಮಾರಿಗೆ.

ಅಷ್ಟು ವರ್ಷದ ಮೇಲೆ ಈ ಕಾಗದ ಯಾರಿಗೆ ಬೇಕು ಎನ್ನುವವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ಕಡೆ ನೋಡಬೇಕು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಶ್ರೀಲಂಕಾದ ಚಹಾ ತೋಟಗಳಿಂದ ಬಂದ ತಮಿಳು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದಿದವರು. ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಮಾತ್ರ ಹಿರಿಯರು ಎಲ್ಲಿಂದ, ಹೇಗೆ ಬಂದರು ಎಂಬ ಪ್ರಶ್ನೆ ಏಳುತ್ತದೆ. ಆಗ ಅಜ್ಜನ ಹಳೆಯ ಪಾಸ್‌ಪೋರ್ಟು, ಬಂದಿಳಿದಾಗ ಕೊಟ್ಟ ಫ್ಯಾಮಿಲಿ ಕಾರ್ಡು ಇದ್ದ ಮನೆಯ ಹಾದಿಯೇ ಬೇರೆ, ಗೆದ್ದಲು ತಿಂದ ಮನೆಯ ಹಾದಿಯೇ ಬೇರೆ. ಎರಡನೆಯವರಿಗೆ ಉಳಿಯುವುದು ಸಮುದ್ರದಾಚೆಯ ದಾಖಲೆ ಹುಡುಕುವ ಪಾಡು. ಕೂಲಿ ಮಾಡುವವರಿಗೆ ಅದು ಆಗುವ ಕೆಲಸವಲ್ಲ.

ಕುವೈತ್‌ನದು ಇನ್ನೊಂದು ಪಾಠ. 1990ರ ಆಗಸ್ಟ್ 2ರಂದು ಇರಾಕ್ ದಾಳಿ ಮಾಡಿದಾಗ ಭಾರತೀಯರು ಮರಳುಗಾಡು ದಾಟಿ ಜೋರ್ಡಾನ್ ಸೇರಿದರು. ಅಮ್ಮಾನ್‌ನಿಂದ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಮರುವರ್ಷ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗ ತೆರೆಯಿತು. ಕುವೈತ್, ಇರಾಕ್ ಬಿಟ್ಟು ಹೊರಟವರಿಗೆ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಮೂಲ ಪರಿಹಾರ. ಕೇಳಿದ್ದು ಮುಖ್ಯವಾಗಿ ಒಂದನ್ನೇ: ಆ ದಿನಗಳಲ್ಲಿ ನೀನು ಅಲ್ಲಿದ್ದೆಯಾ, ಯಾವಾಗ ಹೊರಟೆ? ಗಡಿ ದಾಟಿದವರ, ಬಂದಿಳಿದವರ ಪಟ್ಟಿಗಳೊಡನೆ ಹೆಸರು ತಾಳೆ ನೋಡಿ ಹಣ ಕೊಟ್ಟರು. ಸುಡಾನಿಗೆ ಅಂಥ ಆಯೋಗ ಇವತ್ತು ಇಲ್ಲ. ಕುವೈತ್ ಬಿಟ್ಟು ಓಡಿದವರಿಗೂ ಆ ದಿನ ಇರಲಿಲ್ಲ.

ತಾಳೆ ನೋಡುವ ಮಾತು ಬಂದಾಗ ಹೆಸರಿನ ವಿಚಾರ ಹೇಳಲೇಬೇಕು. ಜರ್ಮನಿಯ ಬಾಡ್ ಆರೊಲ್ಸೆನ್ ಎಂಬ ಸಣ್ಣ ಊರಿನಲ್ಲಿ ನಾಜಿಗಳ ಹಿಂಸೆಗೆ ಸಿಕ್ಕವರ, ದಿಕ್ಕಾಪಾಲಾದವರ ದಾಖಲೆಗಳ ದೊಡ್ಡ ಭಂಡಾರವಿದೆ. ಸುಮಾರು 1.75 ಕೋಟಿ ಜನರ ವಿವರ ಅಲ್ಲಿದೆ. ಮೊಮ್ಮಕ್ಕಳು ಈಗಲೂ ಪತ್ರ ಬರೆದು ಅಜ್ಜ ಅಜ್ಜಿಯ ಸುಳಿವು ಪಡೆಯುತ್ತಾರೆ, ಶುಲ್ಕವಿಲ್ಲ. ಒಂದೇ ಹೆಸರನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿದ್ದರಿಂದ ಅಲ್ಲಿನ ಚೀಟಿಗಳನ್ನು ಜೋಡಿಸಿದ್ದು ಉಚ್ಚಾರಣೆಯ ಮೇಲೆ. ಈಗ ನಮ್ಮವರನ್ನು ನೆನೆಯಿರಿ. ಹೈಕೋರ್ಟ್, ಕಾಫಿ, ಗೂಗಲ್ ಎಂದೆಲ್ಲ ಮಕ್ಕಳಿಗೆ ಹೆಸರಿಟ್ಟ ಸಮುದಾಯ ಹಕ್ಕಿಪಿಕ್ಕಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಅಕ್ಷರಜೋಡಣೆ ಎಂದಾದರೆ, ಅರಬ್ಬಿಯಲ್ಲಿ ಬರೆದ ಪಟ್ಟಿಯಲ್ಲಿ ಅವರನ್ನು ಮುಂದೆ ಹುಡುಕುವವರಾರು? ಎಲ್ಲ ಹೆಸರುಗಳೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಇದ್ದರಷ್ಟೇ ಕೊಂಡಿ ಸಿಗುತ್ತದೆ. ಆ ಹಾಳೆ ಬರೆಯಬಲ್ಲವರು ಮನೆಯವರು ಮಾತ್ರ.

ಕಾಗದಕ್ಕಿಂತ ಬೇಗ ಹೋಗುವುದು ಬಾಯಿಮಾತು. ಬೈಲುಕುಪ್ಪೆ, ಮುಂಡಗೋಡದ ಟಿಬೆಟಿಯನ್ ಹಿರಿಯರ ಕಥನಗಳನ್ನು ಅಮೆರಿಕದ ಒಂದು ಸಂಸ್ಥೆ ಬಂದು ದಾಖಲಿಸಿಕೊಂಡಿತು. ಕರ್ನಾಟಕದ ನೆಲದಲ್ಲಿ ಆಡಿದ ಮಾತು ಹೊರದೇಶದ ಭಂಡಾರದಲ್ಲಿ ಸುರಕ್ಷಿತವಾಗಿದೆ, ಸಂತೋಷ. ಹಕ್ಕಿಪಿಕ್ಕಿಗಳ ವಾಗ್ರಿ ಮಾತಿಗೆ ಲಿಪಿಯಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿದ ಮೇಲೆ ಗಿಡಮೂಲಿಕೆಗೆ ತಿರುಗಿ, ಆಫ್ರಿಕಾದವರೆಗೆ ಹೋದ ಜನ ಅವರು. ಆ ದಾರಿಯನ್ನೂ, ಏಪ್ರಿಲ್‌ನ ಆ ದಿನಗಳನ್ನೂ ಅವರದೇ ಮಾತಿನಲ್ಲಿ ದಾಖಲಿಸಲು ನಾವೂ ಹೊರಗಿನವರ ದಾರಿ ಕಾಯಬೇಕೆ? ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ದಾವಣಗೆರೆ ವಿಶ್ವವಿದ್ಯಾಲಯ ಕೂಗಳತೆಯಲ್ಲಿವೆ. ಈ ಕೆಲಸವನ್ನು ಯಾವುದಾದರೂ ಒಂದು ಈ ವರ್ಷವೇ ಕೈಗೆತ್ತಿಕೊಳ್ಳದಿದ್ದರೆ ಅದು ಕರ್ತವ್ಯಲೋಪವೇ ಸರಿ.

ಇದೇ ತಾಲ್ಲೂಕಿನ ಕೆರೆಬಿಳಚಿಯ ನಾವೂ ಇದು ಬೇರೆ ಜಾತಿಯ, ಬೇರೆ ಊರಿನ ಮಾತು ಎಂದು ಸುಮ್ಮನಿರಬಾರದು. ದುಡಿಮೆಗಾಗಿ ದೇಶ ಬಿಟ್ಟವರಿರುವ ಪ್ರತಿ ಮನೆಗೂ ನಾಳೆ ಇದೇ ಗತಿ ಬರಬಹುದು.

ಮಾಡಬೇಕಾದ್ದು ದೊಡ್ಡದೇನಲ್ಲ. ಹೋಗಿಬಂದವರು ತಮ್ಮ ಪಾಸ್‌ಪೋರ್ಟಿನ ಪ್ರತಿ ಪುಟ, ಹಳದಿ ಜ್ವರದ ಲಸಿಕೆಯ ಪುಸ್ತಿಕೆ, ಪಾಸ್‌ಪೋರ್ಟ್ ಕಳೆದವರಿಗೆ ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಮಾಣಪತ್ರ, ಬೋರ್ಡಿಂಗ್ ಪಾಸು ಎಲ್ಲದರ ಫೋಟೊ ತೆಗೆದು ಎರಡು ಕಡೆ ಇಡಲಿ. ಅವಧಿ ಮುಗಿದು ರದ್ದಾದ ಪಾಸ್‌ಪೋರ್ಟನ್ನು ಬಿಸಾಡಬೇಡಿ. ಹಳೆ ಮೊಬೈಲು ಮಾರುವ ಮುಂಚೆ ಆ ದಿನಗಳ ವಾಟ್ಸ್ಆ್ಯಪ್ ಮಾತು, ವಿಡಿಯೊ ಇಳಿಸಿಕೊಳ್ಳಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಇದಕ್ಕೆಂದು ಒಂದು ದಿನ ಮೀಸಲಿಡಲಿ. ಓದುಬರಹ ಬಲ್ಲ ಯುವಕರು 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆಪರೇಷನ್ ಕಾವೇರಿಯ ಪಟ್ಟಿಯಿಂದ ಅವರವರ ವಿವರದ ಪ್ರತಿಯನ್ನು ಅವರವರ ಹೆಸರಿನಲ್ಲೇ ಕೇಳಿಸಲಿ. ಜಿಲ್ಲಾಡಳಿತ ತನ್ನ ಬಳಿ ಇರುವ ಪಟ್ಟಿಯನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಲಿ. ಮಳೆಗಾಲ ಹಿಡಿಯುವ ಮೊದಲೇ ಪೆಟ್ಟಿಗೆ ತೆರೆದು ನೋಡಿ.