ಕೊಳವೆ ಇಳಿಯುವ ಆ ಎರಡು ನಿಮಿಷ

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಗ ಅವರಿಗೆ 74 ವರ್ಷ. ರಕ್ತದೊತ್ತಡಕ್ಕೆಂದು ದಿನವೂ ಬೆಳಿಗ್ಗೆ ಅಟೆನಲಾಲ್ ಮಾತ್ರೆ ನುಂಗುತ್ತಿದ್ದರು. ಹಿಂದಿನ ದಿನ ಪ್ರಯಾಣದ ಗಡಿಬಿಡಿಯಲ್ಲಿ ಅದನ್ನು ಮರೆತರು. ಆ ದಿನ ಬೆಳಿಗ್ಗೆ "ಖಾಲಿ ಹೊಟ್ಟೆಯಲ್ಲಿರಬೇಕು ಅಂದಿದ್ದಾರಲ್ಲ, ಮಾತ್ರೆ ಯಾಕೆ?" ಎಂದರು. "ಸರಿ ಅಪ್ಪಾ" ಎಂದವನು ನಾನೇ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅಳೆದಾಗ ರಕ್ತದೊತ್ತಡ 190/112, ನಾಡಿ ನಿಮಿಷಕ್ಕೆ 108. ಅರಿವಳಿಕೆ ತಜ್ಞೆ "ಇವತ್ತು ಬೇಡ" ಎಂದು ಹಿಂದಕ್ಕೆ ಕಳಿಸಿದರು.

ನನಗೆ ಸಿಟ್ಟು ಬಂತು. "ಹೇಗೂ ಪ್ರಜ್ಞೆ ತಪ್ಪಿಸುತ್ತೀರಲ್ಲ ಡಾಕ್ಟ್ರೇ, ಆಗ ಬಿ.ಪಿ. ತಾನಾಗಿ ಇಳಿಯುವುದಿಲ್ಲವೆ?" ಎಂದು ಕೇಳಿದೆ.

"ಮೊದಲು ಇಳಿಯುತ್ತದೆ ಮೇಷ್ಟ್ರೇ. ಕೊಳವೆ ಹಾಕುವಾಗ ಏರುತ್ತದೆ. ನನ್ನ ಚಿಂತೆ ಅದೇ" ಎಂದರು.

ವರ್ಷಗಟ್ಟಲೆ ರಕ್ತಪರಿಚಲನೆಯ ಪಾಠ ಮಾಡಿದವನಿಗೆ ಈ ಮಾತು ಹೊಸದಾಗಿತ್ತು. ನಿಮ್ಮ ಮನೆಯ ಹಿರಿಯರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪೂರ್ಣ ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಆಗ ಉಸಿರಾಟದ ಸ್ನಾಯುಗಳೂ ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಬೇಕು. ಕತ್ತನ್ನು ಕೊಯ್ಯದೆ ಬಾಯಿಯಿಂದಲೇ ಹೀಗೆ ಕೊಳವೆ ಇಳಿಸಿ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ದಾರಿಯನ್ನು 1880ರಲ್ಲಿ ಗ್ಲ್ಯಾಸ್ಗೋದ ವಿಲಿಯಂ ಮ್ಯಾಕ್ಯೂಯನ್ ತೋರಿಸಿದ. ನಾಲಿಗೆಯನ್ನು ಎತ್ತಿಹಿಡಿದು ಧ್ವನಿಪೆಟ್ಟಿಗೆಯನ್ನು ಕಾಣಿಸುವ ಬಾಗಿದ ಅಲಗಿನ ಲ್ಯಾರಿಂಗೋಸ್ಕೋಪನ್ನು 1943ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ ರೂಪಿಸಿದ. ಆ ಅಲಗು ಇಂದಿಗೂ ಬಳಕೆಯಲ್ಲಿದೆ.

ತೊಡಕು ಇರುವುದು ಆ ಜಾಗದಲ್ಲಿ. ಒಂದು ಅನ್ನದ ಅಗುಳು ನೆತ್ತಿಗೇರಿದರೆ ಎಷ್ಟು ಕೆಮ್ಮು, ಎಷ್ಟು ಕಣ್ಣೀರು! ಶ್ವಾಸಕೋಶದ ಹೆಬ್ಬಾಗಿಲಾದ ಅಲ್ಲಿ ನರತುದಿಗಳು ಕಾವಲುಗಾರರಂತೆ ಕಿಕ್ಕಿರಿದಿವೆ. ಅಲಗು ಮತ್ತು ಕೊಳವೆ ತಾಗಿದೊಡನೆ ಒಂಬತ್ತನೆಯ ಹಾಗೂ ಹತ್ತನೆಯ ಕಪಾಲ ನರಗಳ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿಂದ ಸಿಂಪಥೆಟಿಕ್ ನರಮಂಡಲಕ್ಕೆ ಆಜ್ಞೆ ಹೊರಡುತ್ತದೆ. ಆಡ್ರಿನಲಿನ್ ಮತ್ತು ನಾರ್‌ಆಡ್ರಿನಲಿನ್ ರಕ್ತಕ್ಕೆ ಸೇರುತ್ತವೆ. ಹೃದಯ ಓಡತೊಡಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಇದು ಪರಾವರ್ತಿತ ಪ್ರತಿಕ್ರಿಯೆ. ಇದಕ್ಕೆ ಪ್ರಜ್ಞೆ ಬೇಕಿಲ್ಲ. ನಿದ್ದೆ ಮಾಡುವವನ ಕಾಲಿಗೆ ಇರುವೆ ಕಚ್ಚಿದರೆ ಕಾಲು ತಾನಾಗಿ ಸರಿಯುವುದಿಲ್ಲವೆ, ಹಾಗೆಯೇ. ಕೆಲವೇ ಸೆಕೆಂಡುಗಳಲ್ಲಿ ಶುರುವಾಗುವ ಈ ಏರಿಕೆ ಒಂದೆರಡು ನಿಮಿಷದಲ್ಲಿ ತುದಿ ಮುಟ್ಟಿ, ಐದು-ಹತ್ತು ನಿಮಿಷಗಳಲ್ಲಿ ಇಳಿಯುತ್ತದೆ.

ಇಪ್ಪತ್ತರ ಹುಡುಗನಿಗೆ ಇದು ಲೆಕ್ಕಕ್ಕಿಲ್ಲ. ವಯಸ್ಸಾದವರ ಮಾತು ಬೇರೆ. ಅವರ ಮಹಾಪಧಮನಿ ಬಿಸಿಲಿಗೆ ಒಣಗಿದ ಹಳೆಯ ರಬ್ಬರ್ ಕೊಳವೆಯಂತೆ ಗಡುಸಾಗಿರುತ್ತದೆ; ಒತ್ತಡದ ಹೊಡೆತವನ್ನು ಹಿಗ್ಗಿ ತಾಳಿಕೊಳ್ಳಲಾರದು. ಒತ್ತಡ ಏರಿದಾಗ ಹೃದಯಕ್ಕೆ "ನಿಧಾನ" ಎನ್ನುವ ಕುತ್ತಿಗೆಯ ಅಪಧಮನಿಯ ಒತ್ತಡಗ್ರಾಹಕಗಳೂ ಮಂದವಾಗಿರುತ್ತವೆ. ಹೃದಯದ ರಕ್ತನಾಳಗಳು ಕಿರಿದಾಗಿದ್ದರಂತೂ ಅಪಾಯ ಇನ್ನೂ ಹೆಚ್ಚು.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ನಾಡಿ 75 ಇದ್ದಾಗ ಒಂದು ಬಡಿತಕ್ಕೆ 0.8 ಸೆಕೆಂಡು. ಸಂಕೋಚನಕ್ಕೆ ಸುಮಾರು 0.3, ವಿಶ್ರಾಂತಿಗೆ 0.5. ನಾಡಿ 120 ಆದರೆ ಒಂದು ಬಡಿತಕ್ಕೆ ಇರುವುದೇ 0.5 ಸೆಕೆಂಡು. ಸಂಕೋಚನದ ಕಾಲ ಅಷ್ಟಾಗಿ ಕುಗ್ಗುವುದಿಲ್ಲ. ವಿಶ್ರಾಂತಿಗೆ ಉಳಿಯುವುದು ಸುಮಾರು 0.25. ಅಂದರೆ ನಿಮಿಷದಲ್ಲಿ ಸುಮಾರು 37 ಸೆಕೆಂಡು ಇದ್ದ ವಿಶ್ರಾಂತಿ 30ಕ್ಕೆ ಇಳಿಯಿತು. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಸಿಗುವುದು ಬಹುಪಾಲು ಈ ವಿಶ್ರಾಂತಿಯ ಹೊತ್ತಿನಲ್ಲೇ! ದುಡಿಮೆ ಹೆಚ್ಚಿತು, ಊಟದ ಬಿಡುವು ಕಡಿಮೆಯಾಯಿತು.

ಹಾಗೆಂದು ಒತ್ತಡವನ್ನು ಸಿಕ್ಕಾಪಟ್ಟೆ ತಗ್ಗಿಸುವಂತೆಯೂ ಇಲ್ಲ. ಪ್ರಜ್ಞೆ ತಪ್ಪಿಸುವ ಔಷಧಿಯೇ ಹಿರಿಯರಲ್ಲಿ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ಆಗ ಮೆದುಳು, ಮೂತ್ರಪಿಂಡಗಳಿಗೆ ರಕ್ತ ಸಾಲದು. ಆದ್ದರಿಂದ ಅರಿವಳಿಕೆ ತಜ್ಞರು ಹಗ್ಗದ ಮೇಲೆ ನಡೆಯುವವರಂತೆ ಎರಡೂ ಕಡೆ ತೂಗಿಸಬೇಕು. ಆ ಔಷಧಿಯನ್ನು ಹಿರಿಯರಿಗೆ ಕಡಿಮೆ ಪ್ರಮಾಣದಲ್ಲಿ, ನಿಧಾನವಾಗಿ ಕೊಡುತ್ತಾರೆ. ಕೊಳವೆ ಹಾಕುವ ಕೆಲವು ನಿಮಿಷ ಮೊದಲು ಫೆಂಟನಿಲ್‌ನಂಥ ನೋವುಶಾಮಕವನ್ನೋ ಲಿಗ್ನೊಕೇನನ್ನೋ ಕೊಡುವುದುಂಟು. ಎಸ್ಮೊಲಾಲ್ ಎಂಬ ಔಷಧಿ ಹೃದಯದ ವೇಗವನ್ನು ತಗ್ಗಿಸುತ್ತದೆ. ಕೆಂಪು ರಕ್ತಕಣಗಳಲ್ಲಿರುವ ಕಿಣ್ವ ಅದನ್ನು ಒಡೆದುಹಾಕುವುದರಿಂದ ಸುಮಾರು 9 ನಿಮಿಷಕ್ಕೆ ಅದು ಅರ್ಧಕ್ಕರ್ಧ ಇಳಿದಿರುತ್ತದೆ. ಅಲ್ಪಾಯುಷಿ ತೊಂದರೆಗೆ ಅಲ್ಪಾಯುಷಿ ಮದ್ದು! ಎಲ್ಲಕ್ಕಿಂತ ಮುಖ್ಯವಾದದ್ದು ಕೈಚಳಕ. ಅಲಗಿನ ಕೆಲಸವನ್ನು ಹದಿನೈದು ಸೆಕೆಂಡಿನೊಳಗೆ ಹಗುರವಾಗಿ ಮುಗಿಸಿದಷ್ಟೂ ಏರಿಕೆ ಕಡಿಮೆ. ಕೆಲವು ಶಸ್ತ್ರಚಿಕಿತ್ಸೆಗಳಿಗೆ ಬ್ರಿಟನ್ನಿನ ಆರ್ಚಿ ಬ್ರೇನ್ 1981ರಲ್ಲಿ ಕಂಡುಹಿಡಿದ ಲ್ಯಾರಿಂಜಿಯಲ್ ಮಾಸ್ಕ್ ಸಾಕಾಗುತ್ತದೆ. ಅದು ಧ್ವನಿಪೆಟ್ಟಿಗೆಯ ಮೇಲೆಯೇ ಕೂರುವುದರಿಂದ ಕೆರಳಿಕೆ ಕಡಿಮೆ.

ಇಷ್ಟೆಲ್ಲ ಸಿದ್ಧತೆ ಇದ್ದರೂ ನಮ್ಮ ತಂದೆಯವರು ಮಾತ್ರೆ ಬಿಟ್ಟು ಹೋಗಿದ್ದರು. ಅಟೆನಲಾಲನ್ನು ಹಠಾತ್ತನೆ ನಿಲ್ಲಿಸಿದರೆ ಅದು ಅದುಮಿ ಹಿಡಿದಿದ್ದ ಹೃದಯ ಪುಟಿದೇಳುತ್ತದೆ. ಅದರ ಮೇಲೆ ಕೊಳವೆಯ ಏರಿಕೆಯೂ ಸೇರಿದ್ದರೆ? ಹಿಂದಕ್ಕೆ ಕಳಿಸಿದ ಆ ತಾಯಿಗೆ ನಾನು ಕೈಮುಗಿಯಬೇಕಿತ್ತು, ಸಿಡುಕಿದ್ದೆ.

ಮುಂದಿನ ವಾರ, ವೈದ್ಯರು ಹೇಳಿದಂತೆ, ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿಸಿ ಕರೆದೊಯ್ದೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು.

ಪೋಷಕರೇ, ಶಸ್ತ್ರಚಿಕಿತ್ಸೆಯ ದಿನ ಯಾವ ಮಾತ್ರೆ ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನೆಯಲ್ಲಿ ತೀರ್ಮಾನಿಸಬೇಡಿ. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಮುಂದುವರಿಸಲು, ಇನ್ನು ಕೆಲವನ್ನು ಆ ದಿನ ಬಿಡಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮದ್ದಿನದು ಇನ್ನೊಂದು ಲೆಕ್ಕ. ಅರಿವಳಿಕೆ ತಜ್ಞರನ್ನೇ ಕೇಳಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಅದನ್ನೂ ತಿಳಿಸಿ.

ಮಕ್ಕಳಿಗೆ ಈ ವಾರದ ಮನೆಗೆಲಸ ಸಣ್ಣದು. ಅಜ್ಜ, ಅಜ್ಜಿ ನುಂಗುವ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಇವನ್ನು ಒಂದು ಚೀಟಿಯಲ್ಲಿ ದುಂಡಗೆ ಬರೆದು ಅವರ ಕನ್ನಡಕದ ಪೆಟ್ಟಿಗೆಯಲ್ಲಿಡಿ.